ಸನ್ಯಾಸಿ ಏಡಿಗೆ ಮನೆಯಲ್ಲೊಂದು ಪುಟ್ಟ ಕಡಲು

ಖಾಲಿ ಚಿಪ್ಪನ್ನೇ ಮನೆ ಮಾಡಿಕೊಂಡು ಬದುಕುವ ಸನ್ಯಾಸಿ ಏಡಿಯನ್ನು (ಹರ್ಮಿಟ್ ಕ್ರ್ಯಾಬ್) ಸಾಕುವ ಆಸೆ ಹುಟ್ಟಿದವರು ಸಾಮಾನ್ಯವಾಗಿ ಮೊದಲು ಏಡಿಯನ್ನೇ ತಂದುಬಿಡುತ್ತಾರೆ. ತೊಟ್ಟಿ, ಉಪ್ಪು, ನೀರಿನ ಯೋಚನೆ ಆಮೇಲೆ. ಪಾಪದ ಜೀವ ವಾರವೊಪ್ಪತ್ತಿನಲ್ಲಿ ಸಾಯುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಈ ಕ್ರಮವನ್ನು ತಿರುಗಿಸಿಕೊಳ್ಳಿ. ಮೊದಲು ನೀರನ್ನು ಹದಗೊಳಿಸಿ, ಒಂದು ತಿಂಗಳಾದರೂ ಕಳೆದ ಮೇಲೆ ಏಡಿಯನ್ನು ತನ್ನಿ. ನೀರು ಹದವಾಗಿದ್ದರೆ ಉಳಿದ ಕೆಲಸ ನಿಜಕ್ಕೂ ಸುಲಭ.

ಯಾವ ಏಡಿ?

ಸನ್ಯಾಸಿ ಏಡಿಗಳಲ್ಲಿ ನೆಲದ ಮೇಲೆ ಬದುಕುವವು ಬೇರೆ, ಕಡಲಿನೊಳಗೆ ಬದುಕುವವು ಬೇರೆ. ಸೀನೋಬೈಟಾ ಕುಲಕ್ಕೆ ಸೇರಿದ ನೆಲದ ಏಡಿಗಳು ತೇವವಾದ ಗಾಳಿಯಲ್ಲಿ ಉಸಿರಾಡುತ್ತವೆ. ತುಂಬಿದ ತೊಟ್ಟಿಗೆ ಹಾಕಿದರೆ ಅವು ಮುಳುಗಿ ಸಾಯುತ್ತವೆ. ಇಲ್ಲಿ ಹೇಳುತ್ತಿರುವುದು ಸದಾ ನೀರಿನಡಿಯಲ್ಲೇ ಇರುವ ಕಡಲ ಏಡಿಗಳ ವಿಚಾರ. ಕೊಳ್ಳುವಾಗ ಇದನ್ನು ಖಚಿತಪಡಿಸಿಕೊಳ್ಳಿ. ಮೊದಲ ಬಾರಿಗೆ ಸಾಕುವವರಿಗೆ ನೀಲಿ ಕಾಲಿನ ಕ್ಲಿಬನೇರಿಯಸ್ ಅಥವಾ ಕಡುಗೆಂಪು ಬಣ್ಣದ ಪ್ಯಾಗುರಿಸ್ಟಿಸ್ ಒಳ್ಳೆಯ ಆಯ್ಕೆ. ಎರಡೂ ಚಿಕ್ಕವು, ಎರಡೂ ಪಾಚಿ ತಿನ್ನುತ್ತವೆ. ಕೆಂಪು ಏಡಿ ಇನ್ನೂ ಸಾಧು. ಡಾರ್ಡಾನಸ್ ಕುಲದ ದೊಡ್ಡ ಏಡಿಗಳು ಮೀನನ್ನೂ ಹಿಡಿದು ತಿನ್ನಬಲ್ಲವು. ಅವು ಪುಟ್ಟ ತೊಟ್ಟಿಗೆ ಹೇಳಿಸಿದವಲ್ಲ.

ತೊಟ್ಟಿ ಮತ್ತು ಸಲಕರಣೆ

40 ಲೀಟರ್ ಹಿಡಿಯುವ ಗಾಜಿನ ತೊಟ್ಟಿ ಸಾಕು. ಅದಕ್ಕಿಂತ ಚಿಕ್ಕದರಲ್ಲಿ ನೀರಿನ ಗುಣ ಬಹಳ ಬೇಗ ಏರುಪೇರಾಗುತ್ತದೆ, ಹೊಸಬರಿಗೆ ಅದು ಕಷ್ಟ. ಎತ್ತರಕ್ಕಿಂತ ಅಗಲ ಹೆಚ್ಚಿರಲಿ. ಏಡಿ ಈಜುವುದಿಲ್ಲ, ತಳದಲ್ಲಿ ನಡೆದಾಡುತ್ತದೆ. ಅಂಚಿಗೆ ತೂಗುಹಾಕುವ ಫಿಲ್ಟರ್ ಅಥವಾ ಸ್ಪಂಜ್ ಫಿಲ್ಟರ್, ನೀರನ್ನು 24ರಿಂದ 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಲು ಹೀಟರ್, ಒಂದು ಥರ್ಮಾಮೀಟರ್, ಸಾಧಾರಣ ಬೆಳಕು, ಇಷ್ಟು ಬೇಕು. ಮುಚ್ಚಳ ಕಡ್ಡಾಯ. ಫಿಲ್ಟರಿನ ಕೊಳವೆ, ಹೀಟರಿನ ತಂತಿ ಹಿಡಿದು ಏಡಿ ಮೇಲೇರಿ ಹೊರಗೆ ಬಿದ್ದುಬಿಡುತ್ತದೆ. ವಿದ್ಯುತ್ ತಂತಿಗಳು ಪ್ಲಗ್‌ಗಿಂತ ಕೆಳಕ್ಕೆ ಜೋತು ಬಂದು ಮತ್ತೆ ಮೇಲೇರುವಂತಿರಲಿ. ಆಗ ತಂತಿಗುಂಟ ಇಳಿದ ನೀರು ಸ್ವಿಚ್ ಮುಟ್ಟದೆ ಕೆಳಗೆ ತೊಟ್ಟಿಕ್ಕುತ್ತದೆ.

ಉಪ್ಪುನೀರು ಬೆರೆಸುವುದು

ಅಡುಗೆ ಉಪ್ಪು ಬೇಡವೇ ಬೇಡ. ಕಡಲ ನೀರಿನಲ್ಲಿ ಸೋಡಿಯಂ ಕ್ಲೋರೈಡ್ ಜೊತೆಗೆ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲವೂ ಇವೆ. ಏಡಿಯ ಹೊರಕವಚ ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕೇ ಬೇಕು. ಅಕ್ವೇರಿಯಂಗೆಂದೇ ತಯಾರಾದ ಸಮುದ್ರದ ಉಪ್ಪಿನ ಮಿಶ್ರಣವನ್ನು ತನ್ನಿ. ನೀರು ಆರ್‌ಒ ಶುದ್ಧೀಕರಿಸಿದ್ದಾದರೆ ಉತ್ತಮ. ನಲ್ಲಿ ನೀರೇ ಗತಿಯಾದರೆ ಕ್ಲೋರಿನ್ ನಿವಾರಕ ಹಾಕಲೇಬೇಕು. ಆದರೆ ತಾಮ್ರದ ಕೊಳವೆಯಲ್ಲಿ ಹರಿದು ಬಂದ ನೀರನ್ನು ನಂಬಬೇಡಿ. ಬೆನ್ನೆಲುಬಿಲ್ಲದ ಈ ಜೀವಿಗಳಿಗೆ ತಾಮ್ರ ಕೊಂಚವಿದ್ದರೂ ವಿಷ. ಮೀನಿನ ರೋಗಕ್ಕೆ ಬಳಸುವ ಹಲವು ಔಷಧಗಳಲ್ಲಿ ತಾಮ್ರವಿರುತ್ತದೆ; ಅಂಥ ಔಷಧ ಬಿದ್ದ ಹಳೆಯ ತೊಟ್ಟಿಯನ್ನು ಏಡಿಗಾಗಿ ಕೊಳ್ಳಬೇಡಿ.

ಬೇರೊಂದು ಬಕೆಟ್‌ನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಉಪ್ಪು ಬೆರೆಸಿ, ಪಂಪ್ ಹಾಕಿ ಒಂದು ದಿನ ಕಲಕುತ್ತಿರಲು ಬಿಡಿ. ಬಳಿಕ ಸಾಪೇಕ್ಷ ಸಾಂದ್ರತೆ (ಸಿಹಿನೀರಿಗೆ ಹೋಲಿಸಿದರೆ ಈ ನೀರು ಎಷ್ಟು ಪಟ್ಟು ಭಾರ ಎಂಬ ಲೆಕ್ಕ) ಅಳೆಯಿರಿ: 1.024ರಿಂದ 1.026ರೊಳಗೆ ಇರಬೇಕು. ಇದಕ್ಕೆ ಹೈಡ್ರೋಮೀಟರ್ ಸಾಕಾದರೂ ಅದರ ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಲೆಕ್ಕ ತಪ್ಪುತ್ತದೆ. ಕೈಯಲ್ಲಿ ಹಣವಿದ್ದರೆ ಅಲಂಕಾರದ ವಸ್ತುಗಳ ಬದಲು, ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಕೊಳ್ಳಿ.

ತಳಕ್ಕೆ ಎರಡು ಮೂರು ಸೆಂಟಿಮೀಟರ್ ಅರಗೊನೈಟ್ ಮರಳು ಹರಡಿ. ಇದು ಕ್ಯಾಲ್ಸಿಯಂ ಕಾರ್ಬೊನೇಟ್, ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 8.1ರಿಂದ 8.4ರ ನಡುವೆ ನಿಲ್ಲಲು ನೆರವಾಗುತ್ತದೆ. ತೂತುತೂತಾದ ಹವಳದ ಬಂಡೆಯ ತುಂಡುಗಳನ್ನು ಮರಳಿನ ಮೇಲಲ್ಲ, ನೇರ ತಳದ ಮೇಲೇ ಕೂರಿಸಿ, ಆಮೇಲೆ ಮರಳು ಸುರಿಯಿರಿ. ಏಡಿಗಳು ಬುಡದ ಮರಳನ್ನು ಕೆದಕಿದಾಗ ಬಂಡೆ ಉರುಳಬಾರದು.

ಕಾಯುವ ತಿಂಗಳು

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ, ಜನ ಹಾರಿಸಿಬಿಡುವ ಹಂತವೂ ಇದೇ. ಏಡಿಯ ವಿಸರ್ಜನೆಯಿಂದ, ತಿಂದು ಬಿಟ್ಟ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಸುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತದೆ. ಮೊದಲೆರಡು ವಿಷ, ಮೂರನೆಯದು ಅಷ್ಟು ಅಪಾಯವಲ್ಲ. ಈ ಬ್ಯಾಕ್ಟೀರಿಯಾಗಳು ಬಂಡೆಯ ತೂತುಗಳಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಖಾಲಿ ತೊಟ್ಟಿಗೆ ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಿ, ಎರಡು ಮೂರು ದಿನಕ್ಕೊಮ್ಮೆ ಪರೀಕ್ಷಾ ಕಿಟ್‌ನಿಂದ ನೋಡುತ್ತಿರಿ. ಅಮೋನಿಯಾ ಏರಿ ಇಳಿಯುತ್ತದೆ, ಬೆನ್ನಿಗೇ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಮಾತ್ರ ಕಂಡಾಗ ನೀರು ಸಿದ್ಧ. ನೀರು ತಿಳಿಯಾಗಿ ಕಾಣುತ್ತಿದೆ ಎಂಬುದು ಪ್ರಮಾಣವಲ್ಲ. ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ.

ಏಡಿಯನ್ನು ಇಳಿಸುವುದು

40 ಲೀಟರಿಗೆ ನಾಲ್ಕೈದು ಚಿಕ್ಕ ಏಡಿ ಸಾಕು. ತಂದ ಚೀಲವನ್ನು ಒಮ್ಮೆಗೇ ಬಗ್ಗಿಸಬೇಡಿ. ಏಡಿಯನ್ನು ಅದರ ನೀರಿನ ಸಮೇತ ಪಾತ್ರೆಗೆ ಹಾಕಿ, ಸಣ್ಣ ಕೊಳವೆಯಿಂದ ತೊಟ್ಟಿಯ ನೀರು ಹನಿಹನಿಯಾಗಿ ಬೀಳಲಿ. ಒಂದು ಗಂಟೆಯಷ್ಟು ಹೊತ್ತು ಹೀಗೆ ಬಿಟ್ಟು, ಬಳಿಕ ಏಡಿಯನ್ನಷ್ಟೇ ತೊಟ್ಟಿಗೆ ಸೇರಿಸಿ.

ಪಾಚಿ ಸಾಲದಿದ್ದರೆ ಒಣ ಕಡಲಪಾಚಿಯ ಚೂರು, ಆಗಾಗ ಉಗುರಿನ ತುದಿಯಷ್ಟು ಸೀಗಡಿ ಕೊಡಿ. ಉಳಿದದ್ದನ್ನು ಅದೇ ದಿನ ತೆಗೆಯಿರಿ.

ಖಾಲಿ ಚಿಪ್ಪುಗಳು

ಏಡಿ ಕೊಂಡ ದಿನವೇ ಚಿಪ್ಪನ್ನೂ ಕೊಳ್ಳಿ. ಏಡಿಯ ಹೊಟ್ಟೆಯ ಭಾಗ ಮೆತ್ತಗೆ, ಸುರುಳಿಯಾಗಿ ಬಾಗಿರುತ್ತದೆ. ಬಸವನಹುಳುವಿನ ಖಾಲಿ ಚಿಪ್ಪೇ ಅದಕ್ಕೆ ರಕ್ಷಣೆ. ಮೈ ಬೆಳೆಯುತ್ತದೆ, ಚಿಪ್ಪು ಬೆಳೆಯುವುದಿಲ್ಲ. ತಲೆಗೆ ಎರಡು ಮೂರರಂತೆ, ಈಗಿನದಕ್ಕಿಂತ ತುಸು ದೊಡ್ಡ ಬಾಯಿಯ ಚಿಪ್ಪುಗಳನ್ನು ಕುದಿಸಿ ತೊಳೆದು ಮರಳಿನ ಮೇಲಿಡಿ. ಬಣ್ಣ, ವಾರ್ನಿಷ್ ಬಳಿದವು ಬೇಡ. ಚಿಪ್ಪು ಸಾಲದಿದ್ದರೆ ಏಡಿಗಳು ಪರಸ್ಪರ ಕಾದಾಡುತ್ತವೆ, ತೊಟ್ಟಿಯಲ್ಲಿರುವ ಬಸವನಹುಳುವನ್ನು ಕೊಂದು ಮನೆ ಕಸಿಯುವುದೂ ಉಂಟು.

ಚಿಪ್ಪು ಬದಲಿಸುವುದನ್ನು ನೋಡಲು ತಾಳ್ಮೆಯಿಂದ ಕೂರಬೇಕು. ಏಡಿ ಹೊಸ ಚಿಪ್ಪಿನ ಬಾಯಂಚನ್ನು ಚಿಮುಟದಿಂದ ಸವರುತ್ತದೆ, ಒಳಗೆ ಕಾಲು ಚಾಚಿ ಆಳ ಅಳೆಯುತ್ತದೆ, ಉರುಳಿಸಿ ಒಳಗಿನ ಮರಳು ಸುರಿಸುತ್ತದೆ. ಆಮೇಲೆ ಕ್ಷಣಾರ್ಧದಲ್ಲಿ ಬೆತ್ತಲೆ ಹೊಟ್ಟೆಯನ್ನು ಹಳೆಯದರಿಂದ ಎಳೆದು ಹೊಸದಕ್ಕೆ ತೂರಿಸುತ್ತದೆ. ಅಂಗಡಿಯಲ್ಲಿ ಚಪ್ಪಲಿ ಮೆಟ್ಟಿ ನೋಡುವವರಂತೆ, ಒಪ್ಪದಿದ್ದರೆ ಹಳೆಯದಕ್ಕೇ ಮರಳುವುದೂ ಇದೆ.

ಒಂದು ಬೆಳಿಗ್ಗೆ ಏಡಿ ಸತ್ತು ಬಿದ್ದಂತೆ ಕಂಡರೆ ಗಾಬರಿಯಾಗಬೇಡಿ. ಕಾಲು, ಚಿಮುಟ, ಕಣ್ಣಿನ ಕಡ್ಡಿಗಳೆಲ್ಲ ಇದ್ದೂ ಒಳಗೆ ಟೊಳ್ಳಾಗಿದ್ದರೆ ಅದು ಕಳಚಿದ ಪೊರೆ. ಏಡಿ ಎಲ್ಲೋ ಬಂಡೆಯ ಸಂದಿಯಲ್ಲಿ ಅಡಗಿರುತ್ತದೆ. ಹೊಸ ಕವಚ ಗಟ್ಟಿಯಾಗುವವರೆಗೆ ಹುಡುಕಿ ಹೊರತೆಗೆಯಬೇಡಿ. ಪೊರೆಯನ್ನೂ ಕೆಲವು ದಿನ ಅಲ್ಲೇ ಬಿಡಿ. ನಾರುವ, ಮಾಂಸ ತುಂಬಿದ ದೇಹವಾದರೆ ಮಾತ್ರ ಕೂಡಲೇ ತೆಗೆಯಿರಿ.

ವಾರದ ಕೆಲಸ

ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಮಟ್ಟ ಇಳಿದಾಗ ಸಿಹಿನೀರನ್ನೇ ತುಂಬಿ. ಗಾಜಿನ ಮೇಲೆ ಗೆರೆ ಎಳೆದಿಟ್ಟರೆ ದಿನವೂ ಸರಿದೂಗಿಸಬಹುದು. ವಾರಕ್ಕೊಮ್ಮೆ ನೂರಕ್ಕೆ ಹತ್ತರಷ್ಟು ನೀರು ತೆಗೆದು, ಅಷ್ಟೇ ಉಷ್ಣತೆಯ ಹೊಸ ಉಪ್ಪುನೀರು ಹಾಕಿ. ಫಿಲ್ಟರಿನ ಸ್ಪಂಜನ್ನು ಹಾಗೆ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ. ನಲ್ಲಿಯಡಿ ಹಿಡಿದರೆ ತಿಂಗಳಿಡೀ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸಿಕ್ಕು ಸಾಯುತ್ತದೆ.