ಹಾಲುಣಿಸುವ ತಾಯಿಗೆ ಬೆಂಗಳೂರಿನಲ್ಲಿ ನೆರವು: ಯಾರನ್ನು, ಯಾವಾಗ ಕೇಳಬೇಕು

ಹಾಲುಣಿಸುವ ತಾಯಿಗೆ ನೆರವು ತುರ್ತಾಗಿ ಬೇಕಾಗುವುದು ಹೆಚ್ಚಾಗಿ ನಡುರಾತ್ರಿಯಲ್ಲಿ; ಆ ಹೊತ್ತಿನಲ್ಲಿ ಯಾರನ್ನು ಕೇಳಬೇಕೆಂದು ಹುಡುಕುತ್ತಾ ಕೂರುವ ತಾಳ್ಮೆ ಮನೆಯಲ್ಲಿ ಯಾರಿಗೂ ಇರುವುದಿಲ್ಲ. ಆದ್ದರಿಂದ ಸೀಮಂತದ ಸಿದ್ಧತೆ ನಡೆಯುವಾಗಲೇ ಈ ವಿಚಾರಣೆಯನ್ನೂ ಮುಗಿಸಿಕೊಳ್ಳುವುದು ಒಳ್ಳೆಯದು.

ಮೊದಲು ವಿಚಾರಿಸಬೇಕಾದದ್ದು ಹೆರಿಗೆಗೆ ಗೊತ್ತುಮಾಡಿಕೊಂಡ ಆಸ್ಪತ್ರೆಯಲ್ಲಿ. ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕುತ್ತಾರೆಯೇ, ಸಿಸೇರಿಯನ್ ಆದರೂ ಅದಕ್ಕೆ ಅವಕಾಶವಿದೆಯೇ, ತಾಯಿಯನ್ನು ಕೇಳದೆ ಡಬ್ಬಿ ಹಾಲು ಕೊಡುವ ರೂಢಿಯಿದೆಯೇ, ಮನೆಗೆ ಹೋದ ಮೇಲೆ ಹಾಲುಣಿಸುವುದರಲ್ಲಿ ತೊಂದರೆಯಾದರೆ ಮರಳಿ ಬಂದು ಯಾರನ್ನು ಕಾಣಬೇಕು ಎಂಬುದನ್ನು ನೇರವಾಗಿಯೇ ಕೇಳಿ. ಡಬ್ಬಿ ಹಾಲಿನ ಜಾಹೀರಾತನ್ನೂ ತಾಯಂದಿರಿಗೆ ಉಚಿತ ಮಾದರಿ ಹಂಚುವುದನ್ನೂ ನಿಷೇಧಿಸುವ ಕಾನೂನು 1992ರಿಂದಲೇ ಇದೆ ಎಂಬುದು ನೆನಪಿನಲ್ಲಿರಲಿ.

ಬಾಣಂತನಕ್ಕೆ ಬರುವ ತಾಯಿಯನ್ನೋ ಅತ್ತೆಯನ್ನೋ ಆಸ್ಪತ್ರೆಯ ಆಪ್ತಸಲಹೆಗೆ ಜೊತೆಯಲ್ಲೇ ಕರೆದೊಯ್ಯಿರಿ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು, ಜೇನುತುಪ್ಪ ನೆಕ್ಕಿಸಬಾರದು, ಆರು ತಿಂಗಳು ತುಂಬುವವರೆಗೆ ಮಗುವಿಗೆ ನೀರೂ ಬೇಡ, ಬಾಣಂತಿಗೆ ಮಾತ್ರ ಬಾಯಾರಿದಷ್ಟು ನೀರು ಬೇಕೇ ಬೇಕು ಎಂಬ ಮಾತುಗಳು ಸೊಸೆಯ ಬಾಯಿಂದ ಬಂದರೆ ವಾದವಾಗುತ್ತವೆ, ಡಾಕ್ಟರ ಬಾಯಿಂದ ಬಂದರೆ ಸಲಹೆಯಾಗುತ್ತವೆ. ಹಿರಿಯರ ಅನುಭವಕ್ಕೆ ಬೆಲೆ ಇಲ್ಲವೆಂದಲ್ಲ. ಮಗುವನ್ನು ಎತ್ತಿ ತೇಗಿಸುವ, ಬಾಣಂತಿಯನ್ನು ಮಧ್ಯಾಹ್ನ ಮಲಗಲು ಬಿಡುವ ಕೈಗಳು ಅವರವೇ.

ಮನೆಗೆ ಬಂದ ಮೇಲೆ ಪ್ರತಿ ಸಲವೂ ಮಗು ಮೊಲೆ ಹಿಡಿದಿರುವ ರೀತಿಯನ್ನು ಗಮನಿಸಿ. ಬಾಯಿ ಅಗಲವಾಗಿ ತೆರೆದಿರಬೇಕು, ಗದ್ದ ಎದೆಗೆ ತಾಗಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ಗಡೆ ಹೆಚ್ಚಾಗಿಯೂ ಕೆಳಗಡೆ ಕಡಿಮೆಯಾಗಿಯೂ ಕಾಣುತ್ತಿರಬೇಕು. ತೊಟ್ಟು ಮಾತ್ರ ಬಾಯಲ್ಲಿದ್ದರೆ ತಾಯಿಗೆ ಉರಿ, ಮಗುವಿಗೆ ಹಸಿವು. ಹಾಲು ಸಾಲುತ್ತಿಲ್ಲವೆಂಬ ಆತಂಕಕ್ಕೆ ಅಳು ಒಂದೇ ಅಳತೆಯಲ್ಲ: ಐದನೇ ದಿನದ ನಂತರ ದಿನಕ್ಕೆ ಆರಾದರೂ ಸಲ ಮೂತ್ರ ಮಾಡುತ್ತಿದ್ದು, ಸುಮಾರು ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಿದರೆ ಸಾಮಾನ್ಯವಾಗಿ ಹಾಲು ಸಾಕಾಗುತ್ತಿದೆಯೆಂದೇ ಅರ್ಥ.

ಈ ತೂಕ ನೋಡುವ ಕೆಲಸಕ್ಕೆ ಆಶಾ ಕಾರ್ಯಕರ್ತೆಯರಿದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೇ ದಿನ ಭೇಟಿ ಕೊಡಬೇಕೆಂಬುದು ಸರ್ಕಾರಿ ನಿಯಮ. ಅಪಾರ್ಟ್‌ಮೆಂಟಿನ ಗೇಟು ದಾಟಿ ಅವರು ತಾವಾಗಿಯೇ ಬರುವುದು ಅಪರೂಪವಾದ್ದರಿಂದ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಾಯಿ ಕಾರ್ಡ್ ತೋರಿಸಿ ಹೆಸರು ಬರೆಸಿ. ಅಂಗನವಾಡಿಯಲ್ಲಿ ಹಾಲುಣಿಸುವ ತಾಯಂದಿರಿಗೆ ಪೂರಕ ಆಹಾರವೂ ಸಿಗುತ್ತದೆ. ಫೋನಿನಲ್ಲಿ ಸಲಹೆ ಪಡೆಯಲು 104 ಆರೋಗ್ಯ ಸಹಾಯವಾಣಿಯಿದೆ.

ಅವಧಿಗೆ ಮುನ್ನ ಹುಟ್ಟಿ ತೀವ್ರ ನಿಗಾ ಘಟಕದಲ್ಲಿರುವ ಮಗುವಿಗೆ ತಾಯಿಯ ಹಾಲು ಸಾಲದಿದ್ದರೆ ಎದೆಹಾಲಿನ ಬ್ಯಾಂಕ್ ಬಗ್ಗೆ ವೈದ್ಯರನ್ನು ಕೇಳಿ. ಕೆ.ಆರ್. ಮಾರುಕಟ್ಟೆ ಸಮೀಪದ ವಾಣಿ ವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಇಂಥ ಬ್ಯಾಂಕ್ ಆರಂಭವಾಯಿತು. ಇಂಥ ಬ್ಯಾಂಕುಗಳಲ್ಲಿ ದಾನಿಗಳ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಮತ್ತೆ ಪರೀಕ್ಷಿಸಿದ ಮೇಲೆಯೇ ಮಗುವಿಗೆ ಕೊಡುತ್ತಾರೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪರಿಚಯವಾದವರಿಂದ ಹಾಲು ತರುವುದು ಎಷ್ಟೇ ಸದುದ್ದೇಶದ್ದಾದರೂ ಬೇಡ. ಆ ಗುಂಪುಗಳು ಧೈರ್ಯಕ್ಕೂ ಅನುಭವ ಹಂಚಿಕೊಳ್ಳುವುದಕ್ಕೂ ಚೆನ್ನ. ಔಷಧಿಯ ಹೆಸರು ಕೇಳುವುದಕ್ಕೆ ಅಲ್ಲ.

ಕೆಲಸಕ್ಕೆ ಮರಳುವವರು ರಜೆ ಮುಗಿಯುವ ಒಂದು ತಿಂಗಳ ಮೊದಲೇ ತಮಗೆ ಏನೇನು ಬೇಕೆಂದು ಕಚೇರಿಗೆ ಬರವಣಿಗೆಯಲ್ಲಿ ತಿಳಿಸುವುದು ಒಳ್ಳೆಯದು. ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ, 50 ಅಥವಾ ಹೆಚ್ಚು ಉದ್ಯೋಗಿಗಳಿರುವಲ್ಲಿ ಶಿಶುಪಾಲನಾ ಕೇಂದ್ರ ಮತ್ತು ಅಲ್ಲಿಗೆ ದಿನಕ್ಕೆ ನಾಲ್ಕು ಸಲ ಹೋಗಿಬರುವ ಅವಕಾಶ, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹೆಚ್ಚುವರಿ ಬಿಡುವು, ಇವೆಲ್ಲ ಕಾನೂನಿನಲ್ಲೇ ಇವೆ. ಪೀಣ್ಯದ ಗಾರ್ಮೆಂಟ್ಸ್ ಆಗಲಿ ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಯಾಗಲಿ, ಇವನ್ನು ಯಾರೂ ಉಪಕಾರವೆಂಬಂತೆ ಕೊಡಬೇಕಾಗಿಲ್ಲ. ಹಾಲು ತೆಗೆದಿಡಲು ಬಾಗಿಲಿಗೆ ಚಿಲಕವಿರುವ ಕೋಣೆಯನ್ನು ಕೇಳಿ; ಶೌಚಾಲಯವನ್ನು ತೋರಿಸಿದರೆ ಒಪ್ಪಬೇಡಿ. ತೆಗೆದ ಹಾಲು 25 ಡಿಗ್ರಿವರೆಗಿನ ತಾಪಮಾನದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ ಕೆಡದೆ ಇರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟುವವರು ಐಸ್ ಪ್ಯಾಕ್ ಇಟ್ಟ ಚೀಲವನ್ನೇ ನಂಬಬೇಕು.

ಎದೆ ಗಟ್ಟಿಯಾಗಿ ಕೆಂಪೇರಿ ಜ್ವರ ಬಂದರೆ ಹಾಲುಣಿಸುವುದನ್ನು ನಿಲ್ಲಿಸದೆ ಅಂದೇ ವೈದ್ಯರನ್ನು ಕಾಣಿರಿ. ಎರಡು ವಾರ ಕಳೆದರೂ ಅಳು ನಿಲ್ಲದೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದೆ ಇದ್ದರೆ ಬಾಣಂತನದಲ್ಲಿ ಇದೆಲ್ಲ ಇದ್ದದ್ದೇ ಎಂದು ಸುಮ್ಮನಿರಬಾರದು. ಮಾನಸಿಕ ಆರೋಗ್ಯಕ್ಕಾಗಿಯೇ ಇರುವ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಕನ್ನಡದಲ್ಲೇ ಮಾತನಾಡುತ್ತದೆ, ನಿಮ್ಹಾನ್ಸ್‌ನಲ್ಲಿ ತಾಯಿಯನ್ನು ಮಗುವಿನೊಂದಿಗೇ ದಾಖಲಿಸಿಕೊಳ್ಳುವ ಘಟಕವೂ ಇದೆ.