ಟ್ರಾನ್ಸ್ ಫ್ಯಾಟ್ ಸೊನ್ನೆ ಅಂತಿದ್ದರೂ ಪ್ಯಾಕೆಟ್ ತಿರುಗಿಸಿ ನೋಡಿ

ಟ್ರಾನ್ಸ್ ಫ್ಯಾಟ್ ಅಂದರೆ ಕೊಲೆಸ್ಟ್ರಾಲ್ ಕೆಡಿಸುವ ಒಂದು ಬಗೆಯ ಕೊಬ್ಬು. ಪ್ಯಾಕೆಟ್ ಮೇಲೆ ದೊಡ್ಡದಾಗಿ 'ಟ್ರಾನ್ಸ್ ಫ್ಯಾಟ್ 0' ಅಂತ ಇದ್ದರೆ ನಾನೂ ಮೊದಲೆಲ್ಲ ಸುಮ್ನೆ ನಂಬಿ ತಂದುಬಿಡುತ್ತಿದ್ದೆ. ಈಗ ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದುತ್ತೇನೆ. ಯಾಕೆಂದರೆ ಕೆಲವು ದೇಶಗಳ ನಿಯಮದಲ್ಲಿ ಒಂದು ಸರ್ವಿಂಗ್‌ಗೆ 0.5 ಗ್ರಾಂಗಿಂತ ಕಡಿಮೆ ಇದ್ದರೆ ಸೊನ್ನೆ ಅಂತಲೇ ಬರೆಯಬಹುದು. ಸರ್ವಿಂಗ್ ಅಂದರೆ ಎರಡೋ ಮೂರೋ ಬಿಸ್ಕತ್ತು, ಅಷ್ಟಕ್ಕೇ ಕೈ ನಿಲ್ಲಿಸುವವರು ಯಾರು ಹೇಳಿ? ಒಂದು ಸರ್ವಿಂಗ್‌ನಲ್ಲಿ 0.4 ಗ್ರಾಂ ಇದ್ದರೂ ದಿನಕ್ಕೆ ಅಂಥ ಐದು ಸರ್ವಿಂಗ್ ಒಳಗೆ ಹೋದರೆ 2 ಗ್ರಾಂ ಆಗಿಹೋಯಿತು. 2,000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯೇ ಇಡೀ ದಿನಕ್ಕೆ 2.2 ಗ್ರಾಂ!

ಪದಾರ್ಥಗಳ ಪಟ್ಟಿಯಲ್ಲಿ 'ಪಾರ್ಷಿಯಲಿ ಹೈಡ್ರೋಜನೇಟೆಡ್' ಎಣ್ಣೆ ಅಂತ ಕಂಡರೆ ವಾಪಸ್ ಇಟ್ಟುಬಿಡಿ. ದ್ರವ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಅರೆಗಟ್ಟಿ ಮಾಡುತ್ತಾರೆ, ಆಗ ಟ್ರಾನ್ಸ್ ಫ್ಯಾಟ್ ಹುಟ್ಟುತ್ತದೆ. ತಿಂಡಿ ಬೇಗ ಕೆಡುವುದಿಲ್ಲ, ಗರಿಗರಿ ಇರುತ್ತದೆ, ಅದಕ್ಕೇ ಬೇಕರಿಯವರಿಗೆ ಇಷ್ಟ. ನಮಗೆ ಮಾತ್ರ ಎರಡು ಕಡೆಯಿಂದ ಪೆಟ್ಟು: ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ, ಒಳ್ಳೆಯದು ಇಳಿಯುತ್ತದೆ.

'ಫುಲ್ಲಿ ಹೈಡ್ರೋಜನೇಟೆಡ್', ಅಂದರೆ ಹೈಡ್ರೋಜನ್ ಪೂರ್ತಿ ಹಾಯಿಸಿದ್ದು, ಅಂತಿದ್ದರೆ ಟ್ರಾನ್ಸ್ ಫ್ಯಾಟ್ ತೀರಾ ಕಡಿಮೆ, ಆದರೆ ಬೆಣ್ಣೆ, ತುಪ್ಪದಲ್ಲಿರುವಂಥ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ, ಅದೂ ಲೆಕ್ಕಕ್ಕೆ ಬರುತ್ತದೆ ಅಲ್ವಾ. ಹಾಲು, ಮಾಂಸದಲ್ಲೂ ಸ್ವಲ್ಪ ಟ್ರಾನ್ಸ್ ಫ್ಯಾಟ್ ತಾನಾಗಿಯೇ ಇರುತ್ತದೆ. ಪ್ಯಾಕೆಟ್ ಇಲ್ಲದೆ ಬಿಡಿಯಾಗಿ ಸಿಗುವ ಕೇಕು, ಪಫ್‌ಗೆ ಲೇಬಲ್ಲೇ ಇರುವುದಿಲ್ಲ. ಅಲ್ಲಿ ಯಾವ ಕೊಬ್ಬು ಹಾಕಿದ್ದೀರಿ ಅಂತ ನೇರವಾಗಿ ಕೇಳಿ. ಮಾರ್ಗರೀನ್, ಶಾರ್ಟನಿಂಗ್ (ಬೆಣ್ಣೆಯ ಬದಲು ಬಳಸುವ ಗಟ್ಟಿ ಕೊಬ್ಬು) ಅಂತ ಹೇಳಿದರೆ ಅದರ ಡಬ್ಬ ತೋರಿಸಿ ಅನ್ನಿ. ನಾನು ಕೇಳಿದ್ದೇನೆ, ಒಮ್ಮೆ ತೋರಿಸಿದರು, ಇನ್ನೊಮ್ಮೆ ಮುಖ ಸಿಂಡರಿಸಿದರು.