ಗದ್ದೆಯ ಮೀಥೇನ್ ಅಳೆಯುವುದು: ಪೆಟ್ಟಿಗೆ, ಸಿರಿಂಜು, ಹಲಗೆ

ಮಂಡ್ಯ ಸೀಮೆಯ ನಾಲಾ ಬಯಲು. ಒಂದು ತಾಕಿನಲ್ಲಿ ಸದಾ ನೀರು ನಿಂತಿರುತ್ತದೆ, ಪಕ್ಕದ ತಾಕಿನಲ್ಲಿ ಆಗಾಗ ಬಸಿದು ಆರಗೊಡುತ್ತೇವೆ. ಎರಡರಲ್ಲಿ ಯಾವುದು ಎಷ್ಟು ಮೀಥೇನ್ ಬಿಡುತ್ತದೆ ಎಂಬುದು ಗೊತ್ತಾಗಬೇಕು. ಗೋಪುರ ನೆಟ್ಟು ಗಾಳಿಯ ಸುಳಿಗಳಿಂದ ಲೆಕ್ಕ ತೆಗೆಯುವ ಎಡ್ಡಿ ಕೋವೇರಿಯನ್ಸ್ ಇಲ್ಲಿ ಒದಗದು. ಉಪಕರಣ ಪೈರಿಗಿಂತ 2 ಮೀಟರ್ ಮೇಲಿದ್ದರೆ, ಗಾಳಿ ಬರುವ ಕಡೆ ಸುಮಾರು 200 ಮೀಟರ್ ಒಂದೇ ಬಗೆಯ ಗದ್ದೆ ಬೇಕು. ಕಾಲು ಎಕರೆ ತಾಕುಗಳ ನಡುವೆ ನಿಲ್ಲಿಸಿದರೆ ಅದು ಎಲ್ಲರ ಗದ್ದೆಯನ್ನೂ ಕಲಸಿ ಒಂದೇ ಸಂಖ್ಯೆ ಕೊಡುತ್ತದೆ. ಹಾಗಾಗಿ ನಾವು ಬಳಸುವುದು ಪೈರಿನ ಮೇಲೆ ಕವುಚಿಡುವ ಮುಚ್ಚಿದ ಪೆಟ್ಟಿಗೆ. ಒಳಗೆ ಕೂಡುವ ಮೀಥೇನ್ ಎಷ್ಟು ಬೇಗ ಏರುತ್ತದೆಂದು ನೋಡುತ್ತೇವೆ.

ಪೆಟ್ಟಿಗೆಯ ಅಳತೆಯನ್ನು ನಾಟಿಯ ಅಂತರವೇ ತೀರ್ಮಾನಿಸುತ್ತದೆ. ಬಲಿತ ಪೈರಿನ ಗದ್ದೆಯಲ್ಲಿ ಮೀಥೇನಿನ ಹೆಚ್ಚಿನ ಪಾಲು ಗಿಡದೊಳಗಿನ ಗಾಳಿನಾಳಗಳ ಮೂಲಕವೇ ಹೊರಬರುತ್ತದೆ. ಪೆಟ್ಟಿಗೆಯೊಳಗೆ ಒಂದು ಗುಣಿ (ಒಂದೆಡೆ ನೆಟ್ಟ ಪೈರಿನ ಬುಡ) ಹೆಚ್ಚಾದರೂ ಕಡಿಮೆಯಾದರೂ ಲೆಕ್ಕ ಅಷ್ಟೇ ವಾಲುತ್ತದೆ. 20×15 ಸೆಂ.ಮೀ. ಅಂತರದ ನಾಟಿಗೆ 60×60 ಸೆಂ.ಮೀ. ತಳ ಸರಿಹೋಗುತ್ತದೆ, ಒಳಗೆ ಸರಿಯಾಗಿ 12 ಗುಣಿ. ಎತ್ತರ 1 ಮೀಟರ್. 4 ಮಿ.ಮೀ. ಅಕ್ರಿಲಿಕ್ ಹಾಳೆಯಲ್ಲಿ ಮಾಡಿಸಿದರೂ 13 ಕೆ.ಜಿ. ತೂಗುತ್ತದೆ, ಎತ್ತಿಡಲು ಇಬ್ಬರು ಬೇಕು. ಒಳಗೆ 12 ವೋಲ್ಟಿನ ಕಂಪ್ಯೂಟರ್ ಫ್ಯಾನ್, ಒಂದು ಥರ್ಮಾಮೀಟರ್, ಪಕ್ಕದಲ್ಲಿ ಸಿರಿಂಜಿಗೆ ರಬ್ಬರ್ ಬಿರಡೆ, ಮೇಲೆ ಒಂದಿಂಚಿನ ಇನ್ನೊಂದು ತೂತು ಮತ್ತು ಅದಕ್ಕೊಂದು ಕಾರ್ಕ್. ಈ ತೂತನ್ನು ಮರೆಯಬೇಡಿ. ಅದು ತೆರೆದಿರದೆ ಪೆಟ್ಟಿಗೆ ಇಳಿಸಿದರೆ ಒಳಗಿನ ಗಾಳಿ ಒತ್ತಿ ಮಣ್ಣನ್ನು ಕದಡುತ್ತದೆ. ಪೆಟ್ಟಿಗೆ ಕೂತ ಮೇಲೆ ಕಾರ್ಕ್ ಹಾಕಬೇಕು.

ತಳದ ಚೌಕಟ್ಟು ಅಲ್ಯುಮಿನಿಯಂನದು, ಮೇಲಂಚಿನ ಸುತ್ತ ನೀರು ಹಿಡಿಯುವ ತೋಡಿದೆ. ನಾಟಿಯ ದಿನವೇ 10 ಸೆಂ.ಮೀ. ಕೆಸರಿಗಿಳಿಸಿ, ಕೊಯ್ಲಿನವರೆಗೆ ಅಲ್ಲಾಡಿಸದೆ ಬಿಡುತ್ತೇವೆ. ಆ ತೋಡಿಗೆ ನೀರು ತುಂಬಿ ಪೆಟ್ಟಿಗೆ ಕೂರಿಸಿದರೆ ಗಾಳಿ ಸೋರದಂತೆ ನೀರೇ ತಡೆಯುತ್ತದೆ. ಚೌಕಟ್ಟಿನ ಬದಿಗೆ, ನೀರಿನ ಮಟ್ಟದ ಕೆಳಗೆ, ಎರಡು ತೂತು ಇರಲಿ. ಇಲ್ಲವಾದರೆ ಒಳಗಿನ ನೀರು, ಗೊಬ್ಬರ ಎರಡೂ ಹೊರಗಿನ ಗದ್ದೆಗಿಂತ ಬೇರೆಯಾಗಿ ಬಿಡುತ್ತವೆ. ಗದ್ದೆ ಆರಿದಾಗ ಮಾತ್ರ ಅಳೆಯುವ ಮುನ್ನ ಆ ತೂತುಗಳಿಗೆ ಬಿರಡೆ ಹಾಕಿ, ಚೌಕಟ್ಟಿನ ಸುತ್ತ ಬಿರುಕು ಬಿಟ್ಟಿದ್ದರೆ ಕೆಸರು ಮೆತ್ತಬೇಕು.

ಇನ್ನು ಹಲಗೆ. ಅಳತೆ ಕೆಡುವುದು ಹೆಚ್ಚಾಗಿ ನಮ್ಮ ಕಾಲಿನಿಂದಲೇ. ಕೆಸರಿನಲ್ಲಿ ಒಂದು ಹೆಜ್ಜೆ ಇಟ್ಟರೆ ಸಾಕು, ಅಡಿಯಲ್ಲಿ ಸಿಕ್ಕಿಕೊಂಡ ಗುಳ್ಳೆಗಳು ಬುಳಬುಳನೆ ಮೇಲೆದ್ದು ಪೆಟ್ಟಿಗೆಯೊಳಗೆ ಸೇರುತ್ತವೆ. ಬದುವಿನಿಂದ ಚೌಕಟ್ಟಿನ ತನಕ ನಾಟಿಗೆ ಮೊದಲೇ ಗೂಟ ಹೊಡೆದು, ಹಲಗೆ ಹಾಸಿಡಿ. ಹಲಗೆಯ ಗೂಟ ಚೌಕಟ್ಟಿನ ಒತ್ತಿಗೇ ಇದ್ದರೆ ನಾವು ನಿಂತಾಗ ಅದೂ ಮಣ್ಣನ್ನು ಒತ್ತುತ್ತದೆ, ಅರ್ಧ ಮೀಟರ್ ದೂರವಿರಲಿ.

ಬೆಳಗ್ಗೆ 9ರಿಂದ 11ರೊಳಗೆ ಅಳೆಯುತ್ತೇವೆ, ಆ ಹೊತ್ತಿನ ಹೊಮ್ಮುವಿಕೆ ದಿನದ ಸರಾಸರಿಗೆ ಹತ್ತಿರ. ಪೆಟ್ಟಿಗೆ ಮುಚ್ಚಿದ ಕೂಡಲೇ ಒಂದು, ಆಮೇಲೆ 10, 20, 30ನೇ ನಿಮಿಷಕ್ಕೆ ಒಂದೊಂದು, ಹೀಗೆ ನಾಲ್ಕು ಸ್ಯಾಂಪಲ್. 50 ಮಿ.ಲೀ. ಸಿರಿಂಜಿಗೆ ತ್ರೀ-ವೇ ಕಾಕ್ (ಮೂರು ದಾರಿಯ ಪುಟ್ಟ ತಿರುಗಣೆ) ಹಾಕಿ, ಮೂರು ಸಲ ಎಳೆದು ಒಳಗೇ ಬಿಟ್ಟು, ನಾಲ್ಕನೇ ಸಲ ತೆಗೆಯಬೇಕು. ಗಾಳಿ ತೆಗೆದಿಟ್ಟ 12 ಮಿ.ಲೀ. ಸೀಸೆಗೆ 20 ಮಿ.ಲೀ. ತುಂಬುತ್ತೇವೆ. ಒಳಗೆ ಒತ್ತಡ ಹೆಚ್ಚಿದ್ದರೆ ಬಿರಡೆ ಸ್ವಲ್ಪ ಸೋರಿದರೂ ಹೊರಗಿನ ಗಾಳಿ ಒಳನುಗ್ಗಿ ಬೆರೆಯುವುದಿಲ್ಲ. 30 ನಿಮಿಷ ಮೀರಿಸಬೇಡಿ. ಬಿಸಿಲಿಗೆ ಒಳಗಿನ ಶಾಖ ಏರಿ ಗಿಡವೂ ನೀರೂ ಬೇರೆ ರೀತಿ ವರ್ತಿಸತೊಡಗುತ್ತವೆ. ಮೀಥೇನ್ ಒಂದನ್ನೇ ಅಳೆಯುವಾಗ ಪೆಟ್ಟಿಗೆಗೆ ಬಿಳಿ ಬಟ್ಟೆ ಹೊದಿಸಬಹುದು. ದ್ಯುತಿಸಂಶ್ಲೇಷಣೆಯ ಲೆಕ್ಕ ಬೇಕಿದ್ದರೆ ಮಾತ್ರ ಪಾರದರ್ಶಕವಾಗಿಯೇ ಇರಬೇಕು.

ಒಂದು ಅಳತೆಯ ಲೆಕ್ಕ ಹೀಗೆ. ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರವಾದ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಕೊಟ್ಟದ್ದು 2.1, 4.1, 6.0, 8.1 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು). ಗೆರೆ ಎಳೆದರೆ ಗಂಟೆಗೆ 11.94 ಪಿಪಿಎಂ ಏರಿಕೆ. ನೀರಿನ ಮೇಲ್ಮೈಯಿಂದ ಪೆಟ್ಟಿಗೆಯ ಮಾಡಿನವರೆಗೆ 0.97 ಮೀಟರ್, ಒಳಗಿನ ಶಾಖ 31 ಡಿಗ್ರಿ, ಒತ್ತಡ 934 ಹೆಕ್ಟೊಪಾಸ್ಕಲ್. ಈ ಶಾಖ, ಒತ್ತಡದಲ್ಲಿ 1 ಪಿಪಿಎಂ ಮೀಥೇನ್ ಎಂದರೆ ಘನ ಮೀಟರಿಗೆ 0.592 ಮಿ.ಗ್ರಾಂ. ಏರಿಕೆ, ಎತ್ತರ, ಈ ತೂಕ ಮೂರನ್ನೂ ಗುಣಿಸಿದರೆ ಚದರ ಮೀಟರಿಗೆ ಗಂಟೆಗೆ ಸುಮಾರು 6.9 ಮಿ.ಗ್ರಾಂ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ. ಪುಸ್ತಕದಲ್ಲಿರುವ ಸಮುದ್ರಮಟ್ಟದ 1013 ಹೆಕ್ಟೊಪಾಸ್ಕಲನ್ನೇ ಹಾಕಿದರೆ 7.4 ಬರುತ್ತದೆ, ಶೇ 8ರಷ್ಟು ಸುಳ್ಳು ಸೇರಿದಂತೆ. ನೀರಿನ ಆಳವನ್ನೂ ಪ್ರತಿ ಸಲ ಚೌಕಟ್ಟಿನೊಳಗೆ ಮೂರು ಕಡೆ ಅಳೆದು ಬರೆಯಿರಿ, 5 ಸೆಂ.ಮೀ. ತಪ್ಪಿದರೆ ಶೇ 5ರಷ್ಟು ವ್ಯತ್ಯಾಸ.

ಕೆಲವು ದಿನ 2.0, 9.6, 10.1, 10.5 ಎಂದು ಬರುತ್ತದೆ. ನಡುವೆ ಗುಳ್ಳೆ ಎದ್ದಿದೆ. ಇದನ್ನು ಗೆರೆಗೆ ಕೂರುತ್ತಿಲ್ಲ ಎಂದು ಕಣ್ಣುಮುಚ್ಚಿ ತೆಗೆದುಹಾಕುವುದು ನನಗೆ ಒಪ್ಪಿಗೆಯಿಲ್ಲ. ತಾನಾಗಿ ಎದ್ದ ಗುಳ್ಳೆ ಗದ್ದೆಯದೇ ಮೀಥೇನ್, ಅದನ್ನು ಬಿಟ್ಟರೆ ಹೊಮ್ಮಿದ್ದು ಕಡಿಮೆ ಎಂದು ತೋರಿಸಿದಂತಾಗುತ್ತದೆ. ಹಲಗೆ ಅಲುಗಿತೇ, ಪೆಟ್ಟಿಗೆ ಜೋರಾಗಿ ಕೂತಿತೇ ಎಂದು ಆ ಕ್ಷಣದಲ್ಲೇ ನಿಮಿಷ ಸಮೇತ ಪುಸ್ತಕದಲ್ಲಿ ಬರೆದಿದ್ದರೆ ಮಾತ್ರ ಆಮೇಲೆ ತೀರ್ಮಾನಿಸಬಹುದು. ಕಾಲಿನ ಗುಳ್ಳೆಯಾದರೆ ಆ ಅಳತೆ ರದ್ದು. ಪೆಟ್ಟಿಗೆ ಎತ್ತಿ, ಗಾಳಿಯಾಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ತೆಗೆಯುತ್ತೇವೆ.

ವಾರಕ್ಕೊಮ್ಮೆ ಅಳೆದರೆ ಸಾಮಾನ್ಯ ದಿನಗಳಿಗೆ ಸಾಕು. ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುವಾಗ ಮಾತ್ರ ವಾರದ ಲೆಕ್ಕ ಹಿಡಿದು ಕೂರಬಾರದು. ನಾಲೆಯ ನೀರು ನಿಲ್ಲಿಸಿದ ಮರುದಿನದಿಂದ, ಮತ್ತೆ ಬಿಟ್ಟ ಮರುದಿನದಿಂದ ದಿನಾ ತೆಗೆಯಬೇಕು. ಆರುವ ಗದ್ದೆಯಲ್ಲಿ ಮೀಥೇನ್ ಇಳಿಯುತ್ತದೆ, ಆದರೆ ಯೂರಿಯಾ ಹಾಕಿದ್ದರೆ ಮೀಥೇನಿನಂತೆಯೇ ಭೂಮಿಯ ಬಿಸಿ ಏರಿಸುವ ನೈಟ್ರಸ್ ಆಕ್ಸೈಡ್ ಏಳುತ್ತದೆ. ಅದೇ ಸೀಸೆಯನ್ನು ಇಸಿಡಿ (ನೈಟ್ರಸ್ ಆಕ್ಸೈಡ್ ಗುರುತಿಸುವ ಸಾಧನ) ಇರುವ ಯಂತ್ರಕ್ಕೂ ಕೊಡಿ, ಇಲ್ಲವಾದರೆ ಆರಗೊಟ್ಟದ್ದರ ಲಾಭ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಕೊಯ್ಲಿಗೆ ಮುಂಚೆ ಕೊನೆಯ ನೀರು ಬಸಿದಾಗಲೂ ದಿನಾ ಅಳೆಯಬೇಕು: ಮಣ್ಣಿನಲ್ಲಿ ಸಿಕ್ಕಿಕೊಂಡಿದ್ದ ಮೀಥೇನ್ ಕೆಲವೇ ದಿನಗಳಲ್ಲಿ ಒಮ್ಮೆಲೇ ಹೊರಬೀಳುತ್ತದೆ. ಎಲ್ಲರೂ ಪೆಟ್ಟಿಗೆ ತೊಳೆದು ಒಳಗಿಡುವ ಹೊತ್ತು ಅದು. ನಾವು ನೆಲ ಬಿರಿಯುವವರೆಗೂ ಚೌಕಟ್ಟು ಕೀಳುವುದಿಲ್ಲ.